ದುಡಿದವರ ಹೆಸರು: ಗಣಿಯ ನೆಲದಿಂದ ‘ಎಂಜಾಯ್ ಎಂಜಾಮಿ’ಯ ಓದು

ಜನಪ್ರಿಯ ಗೀತೆಯನ್ನು ಕನ್ನಡ ವಿಮರ್ಶೆ ಬಹುಮಟ್ಟಿಗೆ ಎರಡೇ ಬಗೆಯಲ್ಲಿ ನೋಡುತ್ತ ಬಂದಿದೆ: ಅಭಿರುಚಿಯ ಕುಸಿತದ ಲಕ್ಷಣವೆಂದು, ಇಲ್ಲವೇ ಜಾನಪದದ ಕೆಟ್ಟ ನಕಲೆಂದು. ರ‍್ಯಾಪ್ ಹಾಡಿನ ವಿಷಯದಲ್ಲಿ ಈ ಎರಡೂ ತೀರ್ಪುಗಳು ಒಟ್ಟಿಗೇ ಬೀಳುತ್ತವೆ. ಅದು ಅಮೆರಿಕದಿಂದ ಬಂದದ್ದು, ಅದರಲ್ಲಿ ರಾಗವಿಲ್ಲ, ಮಾತು ಮಾತ್ರವಿದೆ ಎಂಬಲ್ಲಿಗೆ ಚರ್ಚೆ ಮುಗಿದುಹೋಗುತ್ತದೆ. 2021ರ ಮಾರ್ಚ್ 7ರಂದು ಬಿಡುಗಡೆಯಾದ ‘ಎಂಜಾಯ್ ಎಂಜಾಮಿ’ ಈ ತೀರ್ಪುಗಳನ್ನು ಮರುಪರಿಶೀಲಿಸುವಂತೆ ಮಾಡುವ ಕೃತಿ. ಅರಿವು ಎಂಬ ರ‍್ಯಾಪ್ ಕವಿ ಮತ್ತು ಧೀ ಎಂಬ ಗಾಯಕಿ ಹಾಡಿರುವ, ಸಂತೋಷ್ ನಾರಾಯಣನ್ ಅವರ ನಿರ್ಮಾಣದ, ‘ಮಾಜ್ಜಾ’ ಎಂಬ ಸ್ವತಂತ್ರ ಸಂಗೀತ ಸಂಸ್ಥೆಯಿಂದ ಹೊರಬಂದ ಈ ಹಾಡಿಗೆ ಯಾವ ಚಲನಚಿತ್ರದ ಬೆಂಬಲವೂ ಇರಲಿಲ್ಲ. ಆದರೂ ಅದು ಹತ್ತಾರು ಕೋಟಿ ಬಾರಿ ನೋಡಲ್ಪಟ್ಟಿತು. ಮದುವೆಯ ಮನೆ, ಶಾಲಾ ವಾರ್ಷಿಕೋತ್ಸವ, ಆಟೋರಿಕ್ಷಾ, ಎಲ್ಲೆಡೆಯೂ ಕೇಳಿಬಂತು.

ಅದು ತಮಿಳಿನ ಹಾಡು. ಕನ್ನಡ ನಾಡಿನ ಅಕಾಡೆಮಿಯ ಸಂಪುಟದಲ್ಲಿ ಅದಕ್ಕೇನು ಕೆಲಸ ಎಂಬ ಪ್ರಶ್ನೆ ಸಹಜವಾದುದೇ. ಉತ್ತರವನ್ನು ಕೋಲಾರ ಜಿಲ್ಲೆಯ ಚಿನ್ನದ ಗಣಿಯ ಊರುಗಳಲ್ಲಿ ಹುಡುಕಬೇಕು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್‌ನ ಹೆಸರು ಹೊತ್ತ ರಾಬರ್ಟ್‌ಸನ್‌ಪೇಟೆ, ಅದರ ಆಸುಪಾಸಿನ ಚಾಂಪಿಯನ್ ರೀಫ್, ಮಾರಿಕುಪ್ಪಂ, ಊರಿಗಾಂ, ಆಂಡರ್ಸನ್‌ಪೇಟೆ ಇವೆಲ್ಲ ಆಡಳಿತದ ದೃಷ್ಟಿಯಿಂದ ಕರ್ನಾಟಕದವು. ಬೀದಿಯ ಮಾತಿನಲ್ಲಿ ತಮಿಳು, ತೆಲುಗು, ಕನ್ನಡ, ಉರ್ದುಗಳು ಬೆರೆತವು. ಕನ್ನಡ ವಿದ್ವತ್ತು ಈ ಪ್ರದೇಶವನ್ನು ಗಡಿಯ ಸಮಸ್ಯೆಯೆಂದು ನೋಡಿದೆ, ಚಿನ್ನದ ಅಂಕಿಅಂಶವೆಂದು ನೋಡಿದೆ. ಅಲ್ಲಿನ ಹಾಡನ್ನು ಹಾಡಾಗಿ ಕೇಳಿಸಿಕೊಂಡದ್ದು ಬಹಳ ಕಡಿಮೆ.

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಇಲ್ಲಿಗೆ ಕಾಲಿಟ್ಟ ಮೇಲೆ ಗಣಿಯ ಒಳಗಿಳಿಯಲು ಬಂದವರಲ್ಲಿ ಬಹುಸಂಖ್ಯಾತರು ಅಂದಿನ ಉತ್ತರ ಆರ್ಕಾಟು ಮತ್ತು ಅದರ ಸುತ್ತಿನ ಭೂಹೀನ ದಲಿತರು. ಅದೇ ತಮಿಳು ಸೀಮೆಗಳ ಅದೇ ಬಗೆಯ ಜನ ಅದೇ ದಶಕಗಳಲ್ಲಿ ಸಿಲೋನಿನ ಚಹಾ ತೋಟಗಳಿಗೂ ಹೋದರು. ಅಲ್ಲಿ 1867ರಲ್ಲಿ ಚಹಾ ಬೆಳೆಗೆ ನಾಂದಿ ಹಾಡಿದವನ ಹೆಸರೂ ಜೇಮ್ಸ್ ಟೇಲರ್ ಎಂಬುದು ಬರಿಯ ಕಾಕತಾಳೀಯ. ಆದರೆ ಎರಡು ವಲಸೆಗಳ ಸ್ವರೂಪ ಒಂದೇ ಆಗಿತ್ತು ಎಂಬುದು ಕಾಕತಾಳೀಯವಲ್ಲ. ಹಳ್ಳಿಯ ಒಡೆಯನ ಹಂಗಿನಿಂದ ಪಾರಾಗಲು ಹೊರಟವರು ಕಂಪನಿಯ ‘ಲೈನು’ಗಳಲ್ಲಿ ನೆಲೆಯಾದರು. ತೋಟದಲ್ಲಿಯೂ ಲೈನು, ಗಣಿಯಲ್ಲಿಯೂ ಲೈನು. ಮನೆಗೆ ಆ ಹೆಸರು ಎರಡೂ ಕಡೆ ಇಂದಿಗೂ ಉಳಿದಿದೆ.

ಅರಿವು ಹುಟ್ಟಿ ಬೆಳೆದ ಅರಕ್ಕೋಣಂ ಕೂಡ ಹಳೆಯ ಉತ್ತರ ಆರ್ಕಾಟಿನದು. ಅವರ ಅಜ್ಜಿ ವಳ್ಳಿಯಮ್ಮಾಳ್ ಶ್ರೀಲಂಕೆಯ ಚಹಾ ತೋಟದಲ್ಲಿ ದುಡಿದು, ಬರಿಗೈಯಲ್ಲಿ ಭಾರತಕ್ಕೆ ಮರಳಿದವರು. ಸಿಲೋನಿನ 1948ರ ಪೌರತ್ವ ಕಾಯ್ದೆ ತೋಟದ ತಮಿಳರನ್ನು ನಾಡಿಲ್ಲದವರನ್ನಾಗಿಸಿತ್ತು. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದ ಅವರಲ್ಲಿ 5,25,000 ಮಂದಿಯನ್ನು ಭಾರತಕ್ಕೆ ಕಳಿಸಲು ಗೊತ್ತುಮಾಡಿತು. ಹೀಗೆ ಬಂದವರಲ್ಲಿ ಒಂದು ಪಾಲು ನೀಲಗಿರಿಯ ಚಹಾ ತೋಟಗಳಿಗೂ ಇನ್ನೊಂದು ಪಾಲು ದಕ್ಷಿಣ ಕನ್ನಡದ ಸುಳ್ಯ, ಪುತ್ತೂರುಗಳ ರಬ್ಬರ್ ತೋಟಗಳಿಗೂ ಸೇರಿದ್ದನ್ನು ಕನ್ನಡ ಓದುಗರಿಗೆ ನೆನಪಿಸಬೇಕಾಗಿದೆ. ಆದ್ದರಿಂದ ಈ ಹಾಡಿನ ಅಜ್ಜಿ ಕರ್ನಾಟಕಕ್ಕೆ ಹೊರಗಿನವಳಲ್ಲ. ಸುಳ್ಯದ ರಬ್ಬರ್ ಕಾಡಿನಲ್ಲಿಯೂ ಗಣಿಯ ಲೈನಿನಲ್ಲಿಯೂ ಅವಳ ಒಡಹುಟ್ಟಿದವರಿದ್ದಾರೆ.

ವಿಚಾರದ ಮಟ್ಟದಲ್ಲಿ ನಂಟು ಇನ್ನೂ ಹತ್ತಿರದ್ದು. ಅರಿವು ಬೆಳಕಿಗೆ ಬಂದದ್ದು ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ ಸೇರಿ ಕಟ್ಟಿದ, 2018ರ ಜನವರಿಯಲ್ಲಿ ಚೆನ್ನೈನಲ್ಲಿ ಮೊದಲ ಕಾರ್ಯಕ್ರಮ ನೀಡಿದ ‘ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ತಂಡದ ಮೂಲಕ. ‘ಜಾತಿಯಿಲ್ಲದವರು’ ಎಂಬ ಆ ಹೆಸರಿನ ಮೂಲ ಪಂಡಿತ ಅಯೋತಿ ದಾಸರ (1845–1914) ಚಿಂತನೆಯಲ್ಲಿದೆ. ಅಸ್ಪೃಶ್ಯರೆನಿಸಿಕೊಂಡವರು ನಿಜದಲ್ಲಿ ಈ ನೆಲದ ಪೂರ್ವ ಬೌದ್ಧರು, ಜಾತಿಯೆಂಬುದು ಅವರ ಮೇಲೆ ಹೇರಿದ್ದು ಎಂಬುದು ಅವರ ವಾದ. ಆ ವಾದಕ್ಕೆ ಮದ್ರಾಸಿನ ಹೊರಗೆ ಸಿಕ್ಕ ಗಟ್ಟಿ ನೆಲೆಗಳಲ್ಲಿ ಕೋಲಾರದ ಗಣಿ ಪ್ರಮುಖವಾದುದು. ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಬೌದ್ಧ ಸಂಘಗಳು ಹುಟ್ಟಿದವು. ಅಯೋತಿ ದಾಸರು 1907ರಲ್ಲಿ ಆರಂಭಿಸಿದ್ದ ‘ತಮಿಳನ್’ ಪತ್ರಿಕೆ ಅವರ ಕಾಲದ ನಂತರ, 1920ರ ದಶಕದಲ್ಲಿ, ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ ಚಾಂಪಿಯನ್ ರೀಫ್‌ನಿಂದಲೇ ಹೊರಬಂತು. ಅಂದರೆ ಮೈಸೂರು ಸಂಸ್ಥಾನದ ಈ ಮೂಲೆಯಲ್ಲಿ, ನೆಲದಡಿಯ ಪಾಳಿ ಮುಗಿಸಿ ಬಂದ ಕಾರ್ಮಿಕ ಓದುತ್ತಿದ್ದ ಪತ್ರಿಕೆಯ ಮಾತುಗಳು ನೂರು ವರ್ಷದ ಬಳಿಕ ಒಂದು ರ‍್ಯಾಪ್ ಹಾಡಿನಲ್ಲಿ ಮರಳಿ ಬಂದವು. ‘ಪೂರ್ವಕುಡಿ’, ‘ಆದಿಕುಡಿ’ ಎಂದು ಅರಿವು ತನ್ನ ಹಿರಿಯರನ್ನು ಕರೆಯುವಾಗ ಅದು ಕೇವಲ ಗ್ರಾಮೀಣ ಹಂಬಲದ ಮಾತಲ್ಲ, ಅಯೋತಿ ದಾಸರ ಪಾರಿಭಾಷಿಕ ಪದಗಳ ನೆರಳು ಅದರ ಮೇಲಿದೆ. ಮೈಸೂರು ಸಂಸ್ಥಾನದ ದಾಖಲೆಗಳಿಗೆ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಸೇರಿದ ‘ಆದಿ ಕರ್ನಾಟಕ’, ‘ಆದಿ ದ್ರಾವಿಡ’ ಎಂಬ ಹೆಸರುಗಳೂ ಇದೇ ಚಿಂತನೆಯ ಬಳಗದವು.

ಇನ್ನು ಹಾಡಿನ ರಚನೆಯತ್ತ ಬರಬಹುದು. ಹೆಸರಿನಿಂದಲೇ ಆರಂಭಿಸಬೇಕು. ‘ಎಂಜಾಮಿ’ ಎಂಬುದು ‘ಎನ್ ಸಾಮಿ’ ಎಂಬುದರ ಆಡುರೂಪ: ನನ್ನ ಸ್ವಾಮಿ, ನನ್ನೊಡೆಯ. ಹೊಲದಲ್ಲಿ ದುಡಿಯುವವರು ಒಡೆಯನನ್ನು ಕರೆಯುವ ಮಾತು ಅದು. ಅಜ್ಜಿಯಂದಿರು ಮೊಮ್ಮಕ್ಕಳನ್ನು ಮುದ್ದಿನಿಂದ ಕರೆಯುವ ಮಾತೂ ಅದೇ. ಕನ್ನಡದಲ್ಲಿ ‘ನನ್ನಪ್ಪಾ’, ‘ನಮ್ಮ ಧಣಿ’ ಎಂಬವುಗಳಿಗಿರುವ ಇಬ್ಬಗೆಯ ಬಳಕೆಯನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ಅದರ ಪಕ್ಕದಲ್ಲಿ ಇಂಗ್ಲಿಷಿನ ‘ಎಂಜಾಯ್’ ಕೂತಾಗ ದಾಸ್ಯದ ಸಂಬೋಧನೆ ಅಕ್ಕರೆಯ ಕರೆಯಾಗಿ ಮಾರ್ಪಡುತ್ತದೆ. ಒಡೆಯನ ಸ್ಥಾನದಲ್ಲಿ ಮೊಮ್ಮಗು ಕೂರುತ್ತದೆ. ಶೀರ್ಷಿಕೆಯನ್ನು ಬರಿಯ ಪ್ರಾಸದ ಆಟವೆಂದು ತಳ್ಳಿಹಾಕಿದವರು ಹಾಡಿನ ಅರ್ಧ ಅರ್ಥವನ್ನು ಕಳೆದುಕೊಂಡಿದ್ದಾರೆ.

ಹಾಡು ಮೊದಲಿಗೆ ಮಕ್ಕಳ ಹಾಡಿನ ಧಾಟಿಯಲ್ಲಿ ತೆರೆದುಕೊಳ್ಳುತ್ತದೆ. ಹಕ್ಕಿ, ಕಪ್ಪೆ, ಕಂಬಳಿಹುಳುಗಳೆಲ್ಲ ಬಂಧುಗಳಾಗಿ ಬರುತ್ತವೆ. ಅಲ್ಲಿಂದ ರ‍್ಯಾಪ್‌ನ ಭಾಗ ಪೂರ್ವಿಕರ ಕಥನಕ್ಕೆ ಹೊರಳುತ್ತದೆ. ಹಾಡುವವನು ತನ್ನನ್ನು ಅಜ್ಜಿಯ ಮೊಮ್ಮಗನೆಂದು ಪರಿಚಯಿಸಿಕೊಳ್ಳುತ್ತಾನೆ. ರ‍್ಯಾಪ್‌ನಲ್ಲಿ ಕವಿ ತನ್ನ ಹೆಸರನ್ನು ಸಾರುವುದು ರೂಢಿ. ಇಲ್ಲಿ ಅಂಕಿತದ ಜಾಗದಲ್ಲಿ ಅಜ್ಜಿಯ ಹೆಸರಿದೆ. ವಚನಕಾರರ, ಕೀರ್ತನಕಾರರ ಅಂಕಿತಗಳನ್ನು ಬಲ್ಲ ಕನ್ನಡಿಗರಿಗೆ ಈ ಪಲ್ಲಟದ ಬೆಲೆ ಬೇಗ ತಿಳಿದೀತು. ಮುಂದೆ, ಕೆರೆಕುಂಟೆಗಳ ಮೇಲೆ ನಾಯಿ, ನರಿ, ಬೆಕ್ಕುಗಳಿಗೂ ಹಕ್ಕಿದೆ ಎಂಬ ಮಾತು ಬರುತ್ತದೆ. ಊರ ಕೆರೆಯ ನೀರನ್ನು ಮುಟ್ಟಬಾರದೆಂಬ ಕಟ್ಟಳೆಯಡಿ ಬದುಕಿದ ಸಮುದಾಯದ ಬಾಯಲ್ಲಿ ಈ ಮಾತು ಪರಿಸರಪ್ರೇಮದ ಉದ್ಗಾರ ಮಾತ್ರವಾಗಿ ಉಳಿಯುವುದಿಲ್ಲ. ಅಂಬೇಡ್ಕರರ 1927ರ ಮಹಾಡದ ಚೌಡಾರ್ ಕೆರೆ ಅದರ ಹಿನ್ನೆಲೆಯಲ್ಲಿದೆ. ಹಾಡು ಅದನ್ನು ಹೆಸರಿಸುವುದಿಲ್ಲ, ಹೆಸರಿಸದಿರುವುದರಿಂದಲೇ ಅದು ಮದುವೆಮನೆಯ ಧ್ವನಿವರ್ಧಕದವರೆಗೂ ತಲುಪಿತು.

ಛಂದಸ್ಸಿನ ದೃಷ್ಟಿಯಿಂದ ಗಮನಿಸಬೇಕಾದ ಒಂದು ಸಂಗತಿಯಿದೆ. ಅಮೆರಿಕದ ರ‍್ಯಾಪ್ ನಿಂತಿರುವುದು ಮುಖ್ಯವಾಗಿ ಅಂತ್ಯಪ್ರಾಸದ ಮೇಲೆ. ತಮಿಳಿನ ‘ಎದುಗೈ’ಯೂ ಕನ್ನಡದ ಆದಿಪ್ರಾಸವೂ ಸಾಲಿನ ಎರಡನೆಯ ಅಕ್ಷರದಲ್ಲಿ ನೆಲೆಗೊಂಡವು, ಕವಿರಾಜಮಾರ್ಗದ ಕಾಲದಿಂದಲೂ ಕನ್ನಡ ಕಾವ್ಯಶಾಸ್ತ್ರ ಪ್ರಾಸವನ್ನು ಕುರಿತು ಚಿಂತಿಸಿದೆ. ಅರಿವು ಈ ಎರಡನ್ನೂ ಒಂದೇ ಹೆಣಿಗೆಯಲ್ಲಿ ಸೇರಿಸಿದ್ದಾರೆ. ಗಿಳಿಯನ್ನು ಕರೆದು ಪೂರ್ವಿಕರ ಕಥೆ ಹೇಳುವ ಭಾಗದಲ್ಲಿ ಎರಡನೆಯ ಅಕ್ಷರದ ‘ನ್ನ’ಕಾರ ಸಾಲಿನಿಂದ ಸಾಲಿಗೆ ಹರಿಯುತ್ತದೆ, ಕೊನೆಯಲ್ಲಿ ಇನ್ನೊಂದು ಪ್ರಾಸ ಅದನ್ನು ಕಟ್ಟಿಹಾಕುತ್ತದೆ. ಧೀ ಹಾಡುವ ಹೂವಿನ ಚರಣದಲ್ಲಿಯೂ ಇದೇ ವಿನ್ಯಾಸವಿದೆ. ಕಿವಿಗೆ ಇದು ಒಮ್ಮೆಲೇ ಹೊಸದಾಗಿಯೂ ಬಹಳ ಹಳೆಯದಾಗಿಯೂ ಕೇಳುವುದರ ಗುಟ್ಟು ಇಲ್ಲಿದೆ. ರ‍್ಯಾಪ್‌ನಲ್ಲಿ ಇರುವುದು ಬರಿಯ ಮಾತು ಎನ್ನುವವರು ಮಾತಿನ ಲಯವನ್ನೇ ಗಾನವಾಗಿಸಿಕೊಂಡ ತತ್ವಪದ, ಲಾವಣಿಗಳ ಪರಂಪರೆ ತಮ್ಮ ಮನೆಯಲ್ಲಿಯೇ ಇರುವುದನ್ನು ಮರೆತಂತೆ ತೋರುತ್ತದೆ.

ಹಾಡಿನ ತಿರುಳಿರುವುದು ಅದರ ಕೊನೆಯ ಭಾಗದ ಒಪ್ಪಾರಿಯಲ್ಲಿ. ಒಪ್ಪಾರಿಯೆಂದರೆ ಸತ್ತವರ ಮುಂದೆ ಹೆಂಗಸರು ಹಾಡಿಕೊಂಡು ಅಳುವ ಹಾಡು. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹೆಣದ ಮುಂದೆ ಹೆಂಗಸರು ‘ಹಾಡಿ ಹಾಡಿ ಅಳುವುದು’ ಎಂದರೆ ಹೆಚ್ಚು ಕಡಿಮೆ ಇದೇ. ಸತ್ತವನ ಗುಣಗಾನದ ನೆವದಲ್ಲಿ ಬದುಕಿರುವವರ ಅನ್ಯಾಯಗಳನ್ನು ಎತ್ತಿ ಆಡುವ ಅವಕಾಶ ಅದರಲ್ಲಿದೆ. ಬೇರೆ ಹೊತ್ತಿನಲ್ಲಿ ಬಾಯಿಬಿಡಲಾಗದ ಸೊಸೆ, ಕೂಲಿಯವಳು ಆ ಹೊತ್ತಿನಲ್ಲಿ ಏನನ್ನಾದರೂ ಹೇಳಬಹುದು. ತಾನು ನೆಟ್ಟು ಬೆಳೆಸಿದ ತೋಟ ನಳನಳಿಸಿದರೂ ತನ್ನ ದಾಹ ತೀರಲಿಲ್ಲ ಎಂಬ ಆಶಯ ಇಲ್ಲಿ ಬರುತ್ತದೆ. ಚಹಾ ತೋಟದ ಹೆಂಗಸಿನ ಇಡೀ ಆರ್ಥಿಕ ಚರಿತ್ರೆ ಅದರಲ್ಲಿ ಅಡಕವಾಗಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ಗಣಿಯೂರಿನಲ್ಲಿ ಇದನ್ನು ಕೇಳುವವರಿಗೆ ತೋಟದ ಜಾಗದಲ್ಲಿ ಗಣಿಯನ್ನಿಟ್ಟುಕೊಳ್ಳಲು ಕಷ್ಟವಾಗುವುದಿಲ್ಲ. ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಹೊರಬಂದ ನೆಲ ಅದು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿದದ್ದೂ ಆ ಗಣಿಗಳಿಗಾಗಿಯೇ. ಕೆಳಗಿಳಿದವರಿಗೆ ದಕ್ಕಿದ್ದು ಶಿಲಾಧೂಳಿನಿಂದ ಹಾಳಾದ ಶ್ವಾಸಕೋಶ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಬಳಿಕ ಅವರ ಮಕ್ಕಳು ನಸುಕಿನಲ್ಲೆದ್ದು ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗುವ ರೈಲನ್ನು ಹಿಡಿದರು.

ಹಾಡಿನ ದೌರ್ಬಲ್ಯಗಳನ್ನು ಮರೆಮಾಚಬೇಕಾಗಿಲ್ಲ. ಅಮಿತ್ ಕೃಷ್ಣನ್ ನಿರ್ದೇಶಿಸಿದ ದೃಶ್ಯರೂಪದ ಬಣ್ಣಗಾರಿಕೆ ಒಮ್ಮೊಮ್ಮೆ ನೋವನ್ನು ಅಲಂಕಾರವಾಗಿಸಿಬಿಡುತ್ತದೆ. ಪೂರ್ವಿಕರ ಕೃಷಿಲೋಕದ ಚಿತ್ರ ಅತಿಯಾಗಿ ಹಸಿರು. ಆ ಹಸಿರಿನಲ್ಲಿ ಉತ್ತವನಿಗೆ ಹೊಲವಿರಲಿಲ್ಲವೆಂಬ ನಿಜ ಕೆಲಹೊತ್ತು ಮಸುಕಾಗುತ್ತದೆ. ಪಲ್ಲವಿಯ ಸಿಹಿ ಎಷ್ಟು ಗಾಢವೆಂದರೆ ಕುಣಿಯುವವರು ಒಪ್ಪಾರಿ ಬರುವ ಮೊದಲೇ ಹಾಡನ್ನು ನಿಲ್ಲಿಸಿ ಮತ್ತೆ ಮೊದಲಿನಿಂದ ಹಾಕುತ್ತಾರೆ. ಮುಖ್ಯಧಾರೆಗೆ ದಾಟುವಾಗ ತೆತ್ತ ಸುಂಕ ಇದು. ಅರಿವು ಅವರ ‘ತೆರುಕುರಳ್’ (2019) ಸಂಕಲನದ ಹಾಡುಗಳಲ್ಲಿದ್ದ ನೇರ ರಾಜಕೀಯ ಆರೋಪ ಇಲ್ಲಿ ಇಲ್ಲ. ಆ ಹಾಡುಗಳಿಗೆ ಈ ಪ್ರಮಾಣದ ಕೇಳುಗರೂ ಇರಲಿಲ್ಲ.

ದಾಟಿದ ಮೇಲೆ ನಡೆದದ್ದು ಹಾಡಿನ ವಸ್ತುವನ್ನೇ ಮತ್ತೊಮ್ಮೆ ಅಭಿನಯಿಸಿ ತೋರಿಸಿದಂತಿತ್ತು. 2021ರ ಆಗಸ್ಟ್‌ನಲ್ಲಿ ‘ರೋಲಿಂಗ್ ಸ್ಟೋನ್ ಇಂಡಿಯಾ’ ಪತ್ರಿಕೆಯ ಮುಖಪುಟದಲ್ಲಿ ಧೀ ಮತ್ತು ಶಾನ್ ವಿನ್ಸೆಂಟ್ ಡಿ ಪಾಲ್ ಕಾಣಿಸಿಕೊಂಡರು, ಅರಿವು ಇರಲಿಲ್ಲ. ಪಾ. ರಂಜಿತ್ ಬಹಿರಂಗವಾಗಿ ಪ್ರತಿಭಟಿಸಿದರು, ಪತ್ರಿಕೆ ಬಳಿಕ ಅರಿವು ಅವರನ್ನಿಟ್ಟು ಇನ್ನೊಂದು ಡಿಜಿಟಲ್ ಮುಖಪುಟವನ್ನು ಹೊರತಂದಿತು. ಫ್ರಾನ್ಸಿನ ಡಿಜೆ ಸ್ನೇಕ್ ಮಾಡಿದ ಮರುರೂಪದ ಜಾಹೀರಾತು ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಬೆಳಗಿದಾಗಲೂ ಅವರ ಹೆಸರಿರಲಿಲ್ಲ. 2022ರ ಜುಲೈ 28ರಂದು ಚೆನ್ನೈನ ಚೆಸ್ ಒಲಿಂಪಿಯಾಡ್ ಉದ್ಘಾಟನೆಯಲ್ಲಿ ಧೀ ಮತ್ತು ಜನಪದ ಗಾಯಕಿ ಕಿಡಾಕುಳಿ ಮಾರಿಯಮ್ಮಾಳ್ ಈ ಹಾಡನ್ನು ಹಾಡಿದರು. ಕೆಲವೇ ದಿನಗಳಲ್ಲಿ ಅರಿವು, ಹಾಡನ್ನು ಬರೆದು, ರಾಗ ಕೂಡಿಸಿ, ಹಾಡಿದ ತನ್ನ ಪಾಲಿನ ದುಡಿಮೆಯನ್ನು ನೆನಪಿಸುವ ಹೇಳಿಕೆಯನ್ನು ಪ್ರಕಟಿಸಿದರು. ಸಂಗೀತ ಸಂಯೋಜನೆ ತನ್ನದೆಂದೂ ವರಮಾನದ ಹಕ್ಕು ಮೂವರಿಗೂ ಸಮಾನವೆಂದೂ ಸಂತೋಷ್ ನಾರಾಯಣನ್ ಉತ್ತರಿಸಿದರು; ಅರಿವುವಿನ ಪಾತ್ರವನ್ನು ತಾನೆಂದೂ ಮರೆಮಾಚಿಲ್ಲವೆಂದು ಧೀ ಹೇಳಿದರು. 2024ರ ಮಾರ್ಚ್‌ನಲ್ಲಿ ಇದೇ ಸಂತೋಷ್ ನಾರಾಯಣನ್, ಆ ಹಾಡಿನಿಂದ ಮೂವರಿಗೂ ಅಲ್ಲಿಯವರೆಗೆ ಹಣವೇನೂ ಬಂದಿಲ್ಲವೆಂದು ಸಾರ್ವಜನಿಕವಾಗಿ ತಿಳಿಸಿದರು.

ಈ ವಿವಾದದಲ್ಲಿ ಯಾರ ಮಾತು ಸರಿ ಎಂದು ತೀರ್ಪು ನೀಡುವುದು ವಿಮರ್ಶೆಯ ಕೆಲಸವಲ್ಲ. ಆದರೆ ಅದು ಎತ್ತಿದ ಪ್ರಶ್ನೆ ವಿಮರ್ಶೆಯದೇ. ಒಪ್ಪಾರಿಗೆ ಕರ್ತೃ ಯಾರು? ಅಜ್ಜಿ ಹಾಡಿದ್ದನ್ನು ಮೊಮ್ಮಗ ಬರೆದುಕೊಂಡಾಗ, ಅದನ್ನು ಸಂಯೋಜಕ ವಾದ್ಯಕ್ಕೆ ಕೂಡಿಸಿದಾಗ, ಗಾಯಕಿಯ ಕಂಠ ಅದನ್ನು ಲೋಕಕ್ಕೆ ಒಯ್ದಾಗ, ಕೃತಿಯ ಯಜಮಾನಿಕೆ ಎಲ್ಲಿ ನಿಲ್ಲುತ್ತದೆ? ಜಾನಪದ ಅಧ್ಯಯನ ‘ಅನಾಮಿಕ ಕರ್ತೃತ್ವ’ ಎಂಬ ಪರಿಕಲ್ಪನೆಯನ್ನು ಒಂದು ಗುಣವೆಂಬಂತೆ ಬಣ್ಣಿಸಿದೆ. ಅನಾಮಿಕತೆ ಹಾಡಿದವರ ಆಯ್ಕೆಯಾಗಿತ್ತೋ ಅಥವಾ ಬರೆದುಕೊಂಡವರ ಉಪೇಕ್ಷೆಯಾಗಿತ್ತೋ ಎಂದು ಕೇಳಿದ್ದು ಕಡಿಮೆ. ಮುಖ್ಯಧಾರೆಗೆ ದಾಟಿದ ಮೊದಲ ದೊಡ್ಡ ರ‍್ಯಾಪ್ ಹಾಡೆನಿಸಿದ 1979ರ ‘ರ‍್ಯಾಪರ್ಸ್ ಡಿಲೈಟ್’ ಚರಿತ್ರೆಯೂ ಇದಕ್ಕಿಂತ ಭಿನ್ನವಲ್ಲ. ಅದರಲ್ಲಿ ಬಿಗ್ ಬ್ಯಾಂಕ್ ಹ್ಯಾಂಕ್ ಹಾಡಿದ ಭಾಗ ಬ್ರಾಂಕ್ಸ್‌ನ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಕಟ್ಟಿದ್ದು. ಕ್ಯಾಜ್‌ಗೆ ಹೆಸರೂ ಸಿಗಲಿಲ್ಲ, ಹಣವೂ ಸಿಗಲಿಲ್ಲ.

ಕನ್ನಡದಲ್ಲಿ ಇದೇ ಬಗೆಯ ಸಂದರ್ಭ ಒದಗಿದ್ದು 2020ರಲ್ಲಿ. ಚಂದನ್ ಶೆಟ್ಟಿ ಅವರ ‘ಕೋಲುಮಂಡೆ’ ಮಲೆ ಮಾದೇಶ್ವರನ ಪರಂಪರೆಯ ಹಾಡನ್ನು ರ‍್ಯಾಪ್‌ಗೆ ಅಳವಡಿಸಿತು. ಶರಣೆ ಸಂಕಮ್ಮನನ್ನು ಚಿತ್ರಿಸಿದ ರೀತಿಗೆ ಭಕ್ತರ ಆಕ್ಷೇಪ ಬಂತು; ಗಾಯಕ ಕ್ಷಮೆ ಕೇಳಿದರು, ದೃಶ್ಯರೂಪವನ್ನು ಹಿಂತೆಗೆದುಕೊಳ್ಳಲಾಯಿತು. ಚರ್ಚೆ ಪೂರ್ತಿಯಾಗಿ ದೈವನಿಂದೆಯ ಸುತ್ತ ತಿರುಗಿತು. ಕಂಸಾಳೆ ಹಿಡಿದು ಆ ಕಾವ್ಯವನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ದೇವರಗುಡ್ಡರಿಗೆ ಈ ಹಾಡಿನಲ್ಲಿ ಏನು ಪಾಲು ಎಂಬ ಪ್ರಶ್ನೆ ಚರ್ಚೆಯ ಕೇಂದ್ರಕ್ಕೆ ಬರಲಿಲ್ಲ. ತಮಿಳಿನ ವಿವಾದದಲ್ಲಿ ಕವಿಯೇ ಎದ್ದುನಿಂತು ತನ್ನ ದುಡಿಮೆಯ ಲೆಕ್ಕ ಕೇಳಿದ್ದು ಈ ಕಾರಣಕ್ಕೆ ಮಹತ್ವದ್ದು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ (1975) ಬಂದು, ದಲಿತ ಸಂಘರ್ಷ ಸಮಿತಿಯ ಹಾಡುಗಳು ಕೋಲಾರ ಸೀಮೆಯ ಊರೂರಿನಲ್ಲಿ ಮೊಳಗಿ, ಕೋಟಿಗಾನಹಳ್ಳಿ ರಾಮಯ್ಯನಂಥವರ ರಚನೆಗಳು ಬಾಯಿಂದ ಬಾಯಿಗೆ ಹರಡಿದ ನಾಡಿನಲ್ಲಿ ರ‍್ಯಾಪ್ ಆ ಹಾದಿಯನ್ನು ಹಿಡಿಯದೆ ಮೋಜಿನ ಕಡೆಗೇ ಹೆಚ್ಚು ವಾಲಿದ್ದು ಆಶ್ಚರ್ಯ.

ಗಣಿಯ ಹೆಸರನ್ನು ಜಗತ್ತಿಗೆ ಒಯ್ದದ್ದು ಮಾತ್ರ ಕನ್ನಡದ ಚಲನಚಿತ್ರವೇ. 2018ರ ಡಿಸೆಂಬರ್‌ನಲ್ಲಿ ಮೊದಲ ಭಾಗವಾಗಿಯೂ 2022ರ ಏಪ್ರಿಲ್‌ನಲ್ಲಿ ಎರಡನೆಯ ಭಾಗವಾಗಿಯೂ ತೆರೆಕಂಡ ‘ಕೆ.ಜಿ.ಎಫ್’ನಲ್ಲಿ ರವಿ ಬಸ್ರೂರು ಅವರ ಸಮೂಹಗಾನಗಳು ಹೊರಗಿನಿಂದ ಬಂದ ನಾಯಕನನ್ನು ಕೊಂಡಾಡುತ್ತವೆ. ಗಣಿಯವರು ಅಲ್ಲಿ ಬಿಡುಗಡೆಗಾಗಿ ಕಾದು ಕುಳಿತ ಮೂಕ ಸಮೂಹ. ಕಲ್ಪಿತ ಕಥೆಗೆ ಆ ಸ್ವಾತಂತ್ರ್ಯ ಇದೆ, ಸರಿ. ಆದರೆ ಆ ಗೀತೆಗಳ ಪಕ್ಕದಲ್ಲಿ ‘ಎಂಜಾಯ್ ಎಂಜಾಮಿ’ಯನ್ನಿಟ್ಟು ಕೇಳಿದಾಗ ವ್ಯತ್ಯಾಸ ಎದ್ದು ಕಾಣುತ್ತದೆ: ಒಂದರಲ್ಲಿ ಸಮೂಹ ಒಬ್ಬನ ಹೆಸರನ್ನು ಕೂಗುತ್ತದೆ, ಇನ್ನೊಂದರಲ್ಲಿ ಒಬ್ಬ ತನ್ನ ಸಮೂಹವನ್ನು ಹೆಸರಿಸುತ್ತಾನೆ. ಪಾ. ರಂಜಿತ್ 2024ರ ‘ತಂಗಲಾನ್’ ಚಿತ್ರದಲ್ಲಿ ಉತ್ತರ ಆರ್ಕಾಟಿನಿಂದ ಕೋಲಾರದತ್ತ ನಡೆದವರ ಕಥೆಯನ್ನು ಹೇಳಹೊರಟಾಗ ಈ ಎರಡನೆಯ ಹಾದಿಯನ್ನೇ ಹಿಡಿದರು; ಕನ್ನಡದಲ್ಲಿ ಆ ಚಿತ್ರ ಪಡೆದ ಗಮನ ಅಲ್ಪ.

ಗಣಿಯ ಚರಿತ್ರೆಯಲ್ಲಿ ಹೆಸರಿನ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ. ಜಾನಕಿ ನಾಯರ್ ತಮ್ಮ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ (1998) ಗ್ರಂಥದಲ್ಲಿ ವಿವರವಾಗಿ ಕಟ್ಟಿಕೊಟ್ಟಿರುವ ಲೋಕದಲ್ಲಿ ಕಾರ್ಮಿಕನನ್ನು ಗುರುತಿಸುವ ಹಂಬಲ ಕಂಪನಿಗೇ ಹೆಚ್ಚಾಗಿತ್ತು. ಚಿನ್ನದ ಕಳವಿನ ಭಯ, ಕೆಲಸ ಬಿಟ್ಟುಹೋಗುವವರ ಭಯ ಅದರ ಹಿಂದಿದ್ದವು. 1930ರಲ್ಲಿ ಬೆರಳಚ್ಚು ತೆಗೆದು ಪ್ರತಿಯೊಬ್ಬನನ್ನೂ ದಾಖಲಿಸುವ ಕ್ರಮವನ್ನು ಕಂಪನಿಗಳು ತಂದಾಗ ಕಾರ್ಮಿಕರು ಗಣಿಗೆ ಇಳಿಯಲೊಪ್ಪದೆ ಮುಷ್ಕರ ಹೂಡಿದರು. ಬೆರಳಚ್ಚು ಕೊಡಲೊಲ್ಲದ ಆ ಕೂಲಿಯೂ ಮುಖಪುಟದಲ್ಲಿ ತನ್ನ ಹೆಸರೆಲ್ಲಿ ಎಂದು ಕೇಳಿದ ಈ ಕವಿಯೂ ಒಂದೇ ಸೀಮೆಯಿಂದ ಹೊರಟವರು. ಮೊದಲನೆಯವನಿಗೆ ಕಂಪನಿಯ ದಫ್ತರದಲ್ಲಿ ಗುರುತಾಗುವುದು ಬೇಕಿರಲಿಲ್ಲ. ಲೈನಿನಲ್ಲಿ, ಬೌದ್ಧ ಸಂಘದಲ್ಲಿ, ‘ತಮಿಳನ್’ ಪತ್ರಿಕೆಯ ಓದುಗರ ನಡುವೆ ಅವನಿಗೆ ಹೆಸರಿತ್ತು.